ಹೊಸ ಗಿಡಕ್ಕೆ ಹೆಸರಿಡುವ ಕ್ರಮ

ಹೊಸ ಸಸ್ಯವೊಂದು ಪತ್ತೆಯಾಯಿತೆಂಬ ಸುದ್ದಿಯನ್ನು ನಾವು ಆಗಾಗ ವೃತ್ತಪತ್ರಿಕೆಗಳಲ್ಲಿ ಓದುತ್ತೇವೆ. ಓದಿದೊಡನೆ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಮೂಡುತ್ತದೆ: ಮನುಷ್ಯರು ಕಾಲಿಡದ ಕಾಡು, ಹೆಗಲಿಗೆ ಚೀಲವನ್ನು ತಗುಲಿಸಿಕೊಂಡ ವಿಜ್ಞಾನಿ, ಪೊದೆಯನ್ನು ಸರಿಸಿದ ಕೂಡಲೆ ಕಂಡ ಅಪೂರ್ವವಾದ ಹೂ! ಹೀಗೆ ನಡೆಯುವುದೂ ಉಂಟು. ಆದರೆ ಬಹುಪಾಲು ಹೊಸ ಸಸ್ಯಗಳು ಹೀಗೆ ಒಂದು ಕ್ಷಣದಲ್ಲಿ ದೊರೆತವುಗಳಲ್ಲ.

ಮೊದಲು ‘ಹೊಸ’ ಎಂಬ ಮಾತನ್ನೇ ವಿಚಾರಿಸೋಣ. ಗಿಡವೇನೋ ಹಳೆಯದೇ. ನಮ್ಮ ಪೂರ್ವಿಕರು ಬೆಂಕಿಯ ಉಪಯೋಗವನ್ನು ಅರಿಯುವುದಕ್ಕೆ ಮೊದಲೇ ಅದು ಹೂ ಬಿಟ್ಟು ಕಾಯಿ ಕಟ್ಟುತ್ತ ಬಂದಿರಬಹುದು. ಅದರ ಪಕ್ಕದಲ್ಲಿ ವಾಸಿಸುವ ಜನ ಅದಕ್ಕೆ ತಮ್ಮ ನುಡಿಯಲ್ಲಿ ಹೆಸರಿಟ್ಟು, ಮದ್ದಿಗೋ ಊಟಕ್ಕೋ ಬಳಸುತ್ತಲೂ ಇರಬಹುದು. ಹಾಗಾದರೆ ಅಲ್ಲಿ ಹೊಸದೇನು? ಈವರೆಗೆ ಶಾಸ್ತ್ರದಲ್ಲಿ ವರ್ಣಿತವಾಗಿರುವ ಯಾವ ಗಿಡವೂ ಇದಲ್ಲ ಎಂದು ಸಿದ್ಧಪಟ್ಟ ಮಾತು ಮಾತ್ರ ಹೊಸದು. ಗಿಡವನ್ನು ನೋಡಲು ಎರಡು ಕಣ್ಣುಗಳು ಸಾಕು. ಈ ಮಾತನ್ನು ಸಿದ್ಧಪಡಿಸಲು ಮಾತ್ರ ಅದರ ಬಂಧುಬಳಗವನ್ನೆಲ್ಲ ಒಂದೊಂದಾಗಿ ಹೋಲಿಸಿ ನೋಡಬೇಕು. ಇದಕ್ಕೆ ಒಂದು ಉದಾಹರಣೆಯನ್ನು ನೋಡುವುದು ಒಳ್ಳೆಯದು.

ದಕ್ಷಿಣ ಅಮೆರಿಕದ ನದೀಬಯಲುಗಳಲ್ಲಿ ಬೆಳೆಯುವ ದೈತ್ಯ ನೈದಿಲೆಯ ಚಿತ್ರವನ್ನು ನಮ್ಮಲ್ಲಿ ಅನೇಕರು ಪಠ್ಯಪುಸ್ತಕಗಳಲ್ಲಿ ನೋಡಿರುತ್ತಾರೆ. ಅಂಚು ಮಡಿಸಿದ ತಟ್ಟೆಯಂತಿರುವ ಅದರ ಎಲೆಯ ಮೇಲೆ ಮಗುವನ್ನು ಕೂರಿಸಿ ತೆಗೆದ ಚಿತ್ರಗಳು ಪ್ರಸಿದ್ಧವಾಗಿವೆ. ಇಂಗ್ಲೆಂಡಿನ ವಿಕ್ಟೋರಿಯ ರಾಣಿಯ ಹೆಸರನ್ನು ಹೊತ್ತ ಈ ಜಾತಿಯಲ್ಲಿ ಎರಡೇ ಪ್ರಭೇದಗಳಿವೆಯೆಂದು ಒಂದು ಶತಮಾನಕ್ಕೂ ಮೇಲ್ಪಟ್ಟು ಎಲ್ಲರೂ ನಂಬಿದ್ದರು. ಒಂದು ವಿಕ್ಟೋರಿಯ ಅಮೆಜೋನಿಕ, ಇನ್ನೊಂದು ವಿಕ್ಟೋರಿಯ ಕ್ರುಜಿಯಾನ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮಾಡುತ್ತಿದ್ದ ಕಾರ್ಲೋಸ್ ಮ್ಯಾಗ್ಡಲೀನ ಎಂಬ ತೋಟಗಾರಿಕೆಯ ತಜ್ಞರು 2006ರಲ್ಲಿ ಇಂತಹ ನೈದಿಲೆಯ ಒಂದು ಛಾಯಾಚಿತ್ರವನ್ನು ಕಂಡರು. ಅದು ಈ ಎರಡರಲ್ಲಿ ಯಾವುದೂ ಅಲ್ಲವೆಂದು ಅವರಿಗೆ ತೋರಿತು. ಆದರೆ ಸಂಶಯವನ್ನೇ ಶಾಸ್ತ್ರವೆನ್ನಲು ಬರುವುದಿಲ್ಲವಷ್ಟೆ. 2016ರಲ್ಲಿ ಬೊಲಿವಿಯ ದೇಶದ ಉದ್ಯಾನಗಳವರು ತಮ್ಮಲ್ಲಿಯ ನೈದಿಲೆಯ ಬೀಜಗಳನ್ನು ಕ್ಯೂಗೆ ಕಳುಹಿಸಿಕೊಟ್ಟರು. ಅವನ್ನು ಬಿತ್ತಿ, ಉಳಿದೆರಡು ಪ್ರಭೇದಗಳ ಪಕ್ಕದಲ್ಲಿಯೇ ಬೆಳೆಸಿದಾಗ ಅಂತರ ಎದ್ದು ಕಂಡಿತು. ಮುಳ್ಳುಗಳಿರುವ ಎಡೆಗಳು ಬೇರೆ, ಬೀಜದ ಆಕಾರ ಬೇರೆ. ಲೂಸಿ ಸ್ಮಿತ್ ಎಂಬ ಸಸ್ಯಚಿತ್ರಕಾರ್ತಿ ಮೂರನ್ನೂ ಬರೆದು ಹೋಲಿಸಿದರು. ಡಿ. ಎನ್. ಎ. ಪರೀಕ್ಷೆಯೂ ಇದನ್ನೇ ಸಮರ್ಥಿಸಿತು. ಕಡೆಗೆ 2022ರಲ್ಲಿ ಬೊಲಿವಿಯದ ವಿಜ್ಞಾನಿಗಳೊಡಗೂಡಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ವಿಕ್ಟೋರಿಯ ಬೊಲಿವಿಯಾನ ಎಂದು ಹೆಸರಿಟ್ಟರು. ಇದರ ಎಲೆ ಮೂರು ಮೀಟರುಗಳಿಗೂ ಮಿಗಿಲಾಗಿ ಹರಡುತ್ತದೆ.

ಈ ವೃತ್ತಾಂತದಲ್ಲಿ ಅತ್ಯಂತ ವಿಸ್ಮಯಕರವಾದ ಸಂಗತಿ ಇನ್ನೂ ಉಳಿದಿದೆ. ಇದೇ ಗಿಡದ ಒಣಗಿಸಿದ ಮಾದರಿ ಕ್ಯೂ ಭಂಡಾರದಲ್ಲಿ 177 ವರ್ಷಗಳಿಂದ ಇದ್ದಿತು! ಬೊಲಿವಿಯದ ರಾಷ್ಟ್ರೀಯ ಭಂಡಾರದಲ್ಲಿಯೂ 34 ವರ್ಷಗಳಿಂದ ಇದ್ದಿತು. ಜಗತ್ತಿನ ಅತಿ ದೊಡ್ಡ ನೈದಿಲೆ ಅಷ್ಟೊಂದು ಪಂಡಿತರ ಕಣ್ಣೆದುರಿಗೆ, ಬೇರೊಂದರ ಹೆಸರಿನ ಚೀಟಿಯನ್ನು ಹೊತ್ತು ಮಲಗಿತ್ತು. ಅಷ್ಟು ದೊಡ್ಡ ಗಿಡದ ಗತಿಯೇ ಹೀಗಾದರೆ, ಬಂಡೆಯ ಸಂದಿನಲ್ಲಿ ಮಳೆಗಾಲದ ನಾಲ್ಕು ವಾರ ಮಾತ್ರ ಬದುಕುವ ಸಣ್ಣ ಗಿಡದ ಗತಿಯೇನು?

ಒಂದು ಗಿಡಕ್ಕೆ ಹೆಸರಿಡಲು ಏನೇನು ಮಾಡಬೇಕೆಂಬುದನ್ನು ಈಗ ಕ್ರಮವಾಗಿ ನೋಡೋಣ. ಹೂ, ಕಾಯಿ, ಎಲೆಗಳಿರುವ ಕೊಂಬೆಯನ್ನು ಕತ್ತರಿಸಿ, ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಕಾಗದದ ಮೇಲೆ ಅಂಟಿಸುತ್ತಾರೆ. ಮೂಲೆಯಲ್ಲಿ ಒಂದು ಚೀಟಿ. ಎಲ್ಲಿ ದೊರೆಯಿತು, ಯಾವ ದಿನ, ಎಂತಹ ನೆಲ, ಹೂವಿನ ಬಣ್ಣವೇನು, ಕಿತ್ತವರು ಯಾರು ಎಂಬುದೆಲ್ಲ ಅದರಲ್ಲಿರಬೇಕು. ಒಣಗಿದ ಮೇಲೆ ಬಣ್ಣ ಮಾಸಿಹೋಗುವುದರಿಂದ ಚೀಟಿಯ ಮಾತೇ ಮುಂದೆ ಪ್ರಮಾಣ. ಇಂತಹ ಹಾಳೆಗಳನ್ನು ಸಾವಿರಗಟ್ಟಲೆ, ಲಕ್ಷಗಟ್ಟಲೆ ಕಾದಿರಿಸಿದ ಭಂಡಾರಕ್ಕೆ ಹರ್ಬೇರಿಯಮ್ ಎಂದು ಹೆಸರು. ಹೌರಾದ ಕೇಂದ್ರ ರಾಷ್ಟ್ರೀಯ ಹರ್ಬೇರಿಯಮ್, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನ ಬ್ಲಾಟರ್ ಹರ್ಬೇರಿಯಮ್ ಇವು ನಮ್ಮ ದೇಶದ ಅಂತಹ ಭಂಡಾರಗಳಲ್ಲಿ ಸೇರಿವೆ.

ಎರಡನೆಯ ಕೆಲಸ ಹೋಲಿಕೆ. ಹಿಂದಿನವರು ಬರೆದ ವರ್ಣನೆಗಳನ್ನೆಲ್ಲ ಓದಬೇಕು. ಅವರು ಕಂಡ ಮಾದರಿಗಳನ್ನು ತರಿಸಿಯೋ ಹೋಗಿಯೋ ನೋಡಬೇಕು. ಇದು ಬೇರೆ ಪ್ರಭೇದವೋ, ನೆರಳಿನಲ್ಲಿ ಬೆಳೆದುದರಿಂದ ಎಲೆ ಅಗಲವಾದ ಹಳೆಯ ಪ್ರಭೇದವೋ ಎಂದು ತೂಗಿ ನೋಡಬೇಕು. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಇದರಲ್ಲಿ ಕಳೆಯುವುವು.

ಮೂರನೆಯದು ನಾಮಕರಣ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥವೇ ಸಸ್ಯನಾಮಗಳಿಗೆ ಆರಂಭವೆಂದು ಒಪ್ಪಿಕೊಂಡಿದ್ದಾರೆ. ಹೆಸರಿನಲ್ಲಿ ಎರಡು ಪದಗಳು. ಮೊದಲನೆಯದು ಜಾತಿಯನ್ನು, ಎರಡನೆಯದು ಪ್ರಭೇದವನ್ನು ಹೇಳುತ್ತದೆ. ಹೊಸ ಹೆಸರನ್ನು ಪ್ರಕಟಿಸುವಾಗ ಒಂದು ಮಾದರಿಯನ್ನು ಮೂಲಮಾದರಿಯೆಂದು ಸೂಚಿಸಬೇಕು; 1958ರಿಂದ ಇದು ಕಡ್ಡಾಯ. ಮುಂದೆ ವಿವಾದ ಬಂದಾಗ ಆ ಹಾಳೆಯೇ ಸಾಕ್ಷಿ. 1935ರಿಂದ 2011ರ ಕೊನೆಯವರೆಗೆ ಹೊಸ ಸಸ್ಯದ ಲಕ್ಷಣವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಯಬೇಕಾಗಿದ್ದಿತು. 2012ರಿಂದ ಇಂಗ್ಲಿಷಿನಲ್ಲಿ ಬರೆದರೂ ಸಲ್ಲುತ್ತದೆ. ಒಂದೇ ಪ್ರಭೇದಕ್ಕೆ ಇಬ್ಬರು ಎರಡು ಹೆಸರುಗಳನ್ನಿಟ್ಟಿದ್ದರೆ ಸಾಮಾನ್ಯವಾಗಿ ಮೊದಲಿನದೇ ನಿಲ್ಲುತ್ತದೆ.

ಅಣಬೆ, ಬೂಷ್ಟು ಮೊದಲಾದ ಶಿಲೀಂಧ್ರಗಳ ವಿಷಯದಲ್ಲಿ ಈ ಕಾರ್ಯ ಇನ್ನೂ ಕಠಿನ. ಶಿಲೀಂಧ್ರದ ನಿಜವಾದ ದೇಹ ನೂಲಿನಂತೆ ಮಣ್ಣಿನಲ್ಲಿಯೋ ಮರದಲ್ಲಿಯೋ ಅಡಗಿರುತ್ತದೆ. ನಮಗೆ ಕಾಣುವ ಅಣಬೆ ನಾಲ್ಕು ದಿನದ ಅತಿಥಿ. ಅದರ ಕೊಡೆಯನ್ನು ಕಾಗದದ ಮೇಲೆ ಬೋರಲಾಗಿಟ್ಟು, ಉದುರಿದ ಬೀಜಕಣಗಳ ಬಣ್ಣವನ್ನು ನೋಡಬೇಕು, ಸೂಕ್ಷ್ಮದರ್ಶಕದಲ್ಲಿ ಅವುಗಳ ಆಕಾರವನ್ನು ಅಳೆಯಬೇಕು, ಈಚೆಗೆ ಡಿ. ಎನ್. ಎ.ಯನ್ನೂ ಓದುತ್ತಾರೆ. 2013ರಿಂದ ಹೊಸ ಶಿಲೀಂಧ್ರದ ಹೆಸರನ್ನು ಮಾನ್ಯವಾದ ದಾಖಲೆಯಲ್ಲಿ ನೋಂದಾಯಿಸಿ ಸಂಖ್ಯೆಯನ್ನು ಪಡೆಯುವುದೂ ಕಡ್ಡಾಯವಾಗಿದೆ.

ಹೆಸರಿನ ತೊಡಕು ಎಷ್ಟೆಂಬುದಕ್ಕೆ ಪೆನಿಸಿಲಿನ್ ಔಷಧವೇ ಸಾಕ್ಷಿ. 1928ರಲ್ಲಿ ಲಂಡನ್ನಿನಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಕಂಡ ಬೂಷ್ಟನ್ನು ಮೊದಲು ಪೆನಿಸಿಲಿಯಮ್ ರುಬ್ರಮ್ ಎಂದು ಗುರುತಿಸಿದರು. ಅಮೆರಿಕದ ಚಾರ್ಲ್ಸ್ ಥಾಮ್ ಅದನ್ನು ತಿದ್ದಿ ನೊಟೇಟಮ್ ಎಂದರು. ಆಮೇಲೆ ಅದನ್ನು ಕ್ರೈಸೋಜೀನಮ್ ಎಂಬ ಪ್ರಭೇದದೊಳಗೆ ಸೇರಿಸಿದರು. 2011ರಲ್ಲಿ ಪುನಃ ಪರೀಕ್ಷಿಸಿದಾಗ ಅದು ಪೆನಿಸಿಲಿಯಮ್ ರುಬೆನ್ಸ್ ಎಂದು ತಿಳಿದುಬಂದಿತು. ಆ ಪ್ರಭೇದವನ್ನು 1923ರಲ್ಲಿಯೇ, ಎಂದರೆ ಫ್ಲೆಮಿಂಗರ ಕಣ್ಣಿಗೆ ಬೀಳುವುದಕ್ಕೆ ಐದು ವರ್ಷ ಮುಂಚೆ, ಒಬ್ಬರು ವರ್ಣಿಸಿದ್ದರು! ಕೋಟ್ಯಂತರ ಜೀವಗಳನ್ನು ಉಳಿಸಿದ ಬೂಷ್ಟಿನ ಸರಿಯಾದ ಹೆಸರು ಗೊತ್ತಾಗಲು ಎಂಬತ್ತು ವರ್ಷಗಳಿಗೂ ಮಿಗಿಲಾದ ಕಾಲ ಹಿಡಿಯಿತು.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಅದರ ಸ್ವರೂಪವನ್ನು ಹೇಳುತ್ತದೆ. ಅಲ್ಲಿಯ ಹಳ್ಳಗಳ ಬದಿಯಲ್ಲಿ ವರ್ಷವಿಡೀ ನೀರು ನಿಲ್ಲುವ, ಜಾಜಿಕಾಯಿಯ ಬಂಧುಗಳಾದ ಮರಗಳು ಬೆಳೆಯುವ ಜೌಗುನೆಲವಿದೆ. ಜನರು ಇದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಕೆಸರಿನಲ್ಲಿ ಉಸಿರಾಡಲೆಂದು ಕೆಲವು ಮರಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ನೆಲದಿಂದ ಮೇಲಕ್ಕೆದ್ದಿರುತ್ತವೆ. ಈ ಜಡ್ಡಿಯಲ್ಲಿ ಬೆಳೆದಿದ್ದ ಒಂದು ಎತ್ತರದ ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ ಎಂಬುವರು ಪರೀಕ್ಷಿಸಿ, 2000ದಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದರು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರಿನ ಜಾತಿಗೇ ಸೇರಿದ ಈ ಮರದ ಶಾಸ್ತ್ರೀಯ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಕನ್ನಡದ ಒಂದು ಸ್ಥಳನಾಮ ಲ್ಯಾಟಿನ್ನಿನ ಬಾಲವನ್ನು ಧರಿಸಿ ಪ್ರಪಂಚದ ಸಸ್ಯಕೋಶಗಳಲ್ಲಿ ಕುಳಿತಿದೆ. ಇದು ಕಣ್ಣಿಗೆ ಕಾಣದ ಕಿರುಗಿಡವಲ್ಲ. ತಲೆಯೆತ್ತಿ ನೋಡಬೇಕಾದ ಮರ. ಹೊನ್ನಾವರದಿಂದ ಘಟ್ಟ ಹತ್ತಿ ಬರುವ ಹೆದ್ದಾರಿಯೂ ಆ ಕಾಡಿಗೆ ದೂರವಲ್ಲ. ಆದರೂ ಅದಕ್ಕೆ ಹೆಸರು ಬರಲು ಇಪ್ಪತ್ತನೆಯ ಶತಮಾನ ಮುಗಿಯಬೇಕಾಯಿತು.

ಹಾಗೆಂದು ಹಳ್ಳಿಗರ ಅರಿವನ್ನು ಕಡೆಗಣಿಸಲಾಗದು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ‘ಹೊರ್ಟಸ್ ಮಲಬಾರಿಕಸ್’ ಗ್ರಂಥವನ್ನು ಮಾಡಿಸಿದಾಗ, ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯನೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರೂ ಗಿಡಗಳ ಹೆಸರುಗಳನ್ನೂ ಗುಣಗಳನ್ನೂ ತಿಳಿಸಿದರು. ಲಿನೇಯಸ್ ನಮ್ಮ ಪಶ್ಚಿಮ ಕರಾವಳಿಯ ಎಷ್ಟೋ ಗಿಡಗಳನ್ನು ಅರಿತುದು ಆ ಗ್ರಂಥದಿಂದಲೇ. ಮೊದಲ ಮಳೆಗಳು ಬಿದ್ದಾಗ ನಮ್ಮ ಹಳ್ಳಿಗರು ಹುತ್ತಗಳ ಬಳಿ ಹುಡುಕುವ ಅಣಬೆಗಳೂ ಹೀಗೆಯೇ. ತಲೆತಲಾಂತರದಿಂದ ಜನ ಸಾರು ಮಾಡಿ ಉಂಡರೂ, ಅವುಗಳ ಜಾತಿಗೆ ಫ್ರಾನ್ಸಿನ ರೋಜರ್ ಹೈಮ್ ಶಾಸ್ತ್ರೀಯ ನಾಮವನ್ನು ಕೊಟ್ಟುದು 1942ರಲ್ಲಿ. ಆ ಜಾತಿಯ ಒಂದು ಪ್ರಭೇದವನ್ನು ದಕ್ಷಿಣ ಭಾರತದಿಂದ ವರ್ಣಿಸಿ ನಟರಾಜನ್ ಎಂಬ ವಿಜ್ಞಾನಿ 1979ರಲ್ಲಿ ಹೈಮರ ಹೆಸರನ್ನೇ ಅದಕ್ಕಿಟ್ಟರು. ತಿಳಿದವರು ಹೇಳದೆ, ಬರೆಯುವವರು ಕೇಳದೆ ಹೋದಲ್ಲಿ ಎಷ್ಟು ಅರಿವು ಮಣ್ಣುಪಾಲಾಗಿದೆಯೋ!

ಹೆಸರಿಲ್ಲದಿದ್ದರೆ ಗಿಡಕ್ಕೇನು ನಷ್ಟ ಎಂದು ಕೆಲವರು ಕೇಳಬಹುದು. ಗಿಡ ಹೆಸರನ್ನು ಬೇಡುವುದಿಲ್ಲ, ನಿಜ. ಆದರೆ ಮನುಷ್ಯರ ಲೆಕ್ಕದಲ್ಲಿ ಹೆಸರಿಲ್ಲದವನಿಗೆ ಪಡಿತರವೂ ಇಲ್ಲ, ಮತವೂ ಇಲ್ಲ. ಕಾಡನ್ನು ಕಡಿಯುವ ಯೋಜನೆ ಬಂದಾಗ, ಅಳಿವಿನ ಅಂಚಿನಲ್ಲಿರುವ ಸಸ್ಯಗಳ ಪಟ್ಟಿಯಲ್ಲಿ ಹೆಸರಿಲ್ಲದ ಗಿಡ ಸೇರುವುದು ತೀರ ಅಪರೂಪ. ಅದರಲ್ಲಿ ಔಷಧವಿದ್ದರೂ ಒಬ್ಬರು ಕಂಡುದನ್ನು ಇನ್ನೊಬ್ಬರಿಗೆ ತಿಳಿಸುವ ದಾರಿಯಿಲ್ಲ. 2017ರ ಒಂದು ಅಂದಾಜಿನಂತೆ ಪ್ರಪಂಚದಲ್ಲಿ 22ರಿಂದ 38 ಲಕ್ಷ ಪ್ರಭೇದದ ಶಿಲೀಂಧ್ರಗಳಿರಬಹುದು. ಈವರೆಗೆ ಹೆಸರು ಪಡೆದಿರುವವು ಸುಮಾರು ಒಂದೂವರೆ ಲಕ್ಷ ಮಾತ್ರ. ಇನ್ನೂ ವರ್ಣಿಸದ ಸಸ್ಯಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಆಗಲೇ ಅಪಾಯದಲ್ಲಿರಬಹುದೆಂದು ಕ್ಯೂ ಸಂಸ್ಥೆಯ 2023ರ ವರದಿ ಎಚ್ಚರಿಸಿದೆ. ಇದು ಸಹಜವೇ. ವಿಸ್ತಾರವಾಗಿ ಹಬ್ಬಿದ ಗಿಡಗಳು ಮೊದಲೇ ಕಣ್ಣಿಗೆ ಬಿದ್ದುವು. ಉಳಿದವು ಒಂದು ಬೆಟ್ಟ, ಒಂದು ಜಡ್ಡಿ, ಒಂದು ಹಳ್ಳವನ್ನೇ ನಂಬಿ ಬದುಕಿರುವಂಥವು. ಆ ಹಳ್ಳ ಬತ್ತಿದರೆ ಪ್ರಭೇದವೇ ಮುಗಿಯಿತು.

ಈ ಓಟದಲ್ಲಿ ನಾವು ಎಷ್ಟು ಹಿಂದಿದ್ದೇವೆಂಬುದನ್ನು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿಕೊಟ್ಟಿತು. ಅದರಲ್ಲಿ ಪರಿಶೀಲಿಸಿದ ಹೊಸ ಸಸ್ಯಗಳ ಪೈಕಿ, ಕಿತ್ತ ಐದು ವರ್ಷಗಳೊಳಗೆ ಹೆಸರು ಪಡೆದವು ನೂರಕ್ಕೆ 16 ಮಾತ್ರ. ಸುಮಾರು ಕಾಲುಭಾಗದ ವಿಷಯದಲ್ಲಿ ಮಾದರಿಗಳು ಐವತ್ತು ವರ್ಷಗಳಿಗಿಂತ ಹಳೆಯವು. ಇನ್ನೂ ವರ್ಣಿಸಬೇಕಾಗಿರುವ ಹೂಬಿಡುವ ಸಸ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಭಂಡಾರಗಳ ಕಪಾಟುಗಳಲ್ಲಿರಬಹುದೆಂದು ಆ ವಿಜ್ಞಾನಿಗಳು ಊಹಿಸಿದರು. ಹಾಳೆಗಳಿವೆ, ಅವನ್ನು ಕುಳಿತು ನೋಡುವ ಜನ ಸಾಲದು.

ಆದುದರಿಂದ ನಮ್ಮಂತಹ ಕಾಲೇಜಿನವರಿಗೆ ಇದು ದೂರದ ವಿಷಯವೆಂದು ಕೈಚೆಲ್ಲಬೇಕಾಗಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಸಸ್ಯಶಾಸ್ತ್ರ ಸುಳ್ಳು ಮಾಡುತ್ತಲೇ ಬಂದಿದೆ. ವಿಜ್ಞಾನದ ವಿದ್ಯಾರ್ಥಿಗಳೇ ಆಗಬೇಕೆಂದೂ ಇಲ್ಲ. ಇತಿಹಾಸ, ಭಾಷೆಗಳನ್ನು ಓದುವ ಮಿತ್ರರು ರಜೆಯಲ್ಲಿ ಊರಿಗೆ ಹೋದಾಗ, ಅಜ್ಜಿಯರೂ ನಾಟಿ ವೈದ್ಯರೂ ಹೇಳುವ ಗಿಡದ ಹೆಸರುಗಳನ್ನು ಊರು, ತಾರೀಖುಗಳೊಡನೆ ಬರೆದಿಟ್ಟರೆ ಅದೂ ಶಾಸ್ತ್ರಸೇವೆಯೇ. ಗುರುತು ಸಿಗದ ಗಿಡವೊಂದು ಕಂಡರೆ, ಅದು ಅಲ್ಲಿ ಧಾರಾಳವಾಗಿದ್ದ ಪಕ್ಷದಲ್ಲಿ, ಹೂವಿರುವ ಒಂದು ಕೊಂಬೆಯನ್ನು ಪತ್ರಿಕೆಯ ನಡುವೆ ಒತ್ತಿಟ್ಟು ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತಂದೊಪ್ಪಿಸಬಹುದು. ಒಂದೊಂದೇ ಇದ್ದರೆ ಕೀಳದೆ ಛಾಯಾಚಿತ್ರವನ್ನು ತೆಗೆದರೆ ಸಾಕು. ಜೊತೆಗೆ ಚೀಟಿಯನ್ನು ಬರೆಯಲು ಮಾತ್ರ ಮರೆಯಬಾರದು. ಎಲ್ಲಿ, ಎಂದು ದೊರೆಯಿತೆಂಬುದಿಲ್ಲದ ಗಿಡ ಬರಿಯ ಹುಲ್ಲುಕಡ್ಡಿ. ಅವೆರಡು ಇದ್ದರೆ, ನೂರು ವರ್ಷಗಳ ಅನಂತರ ಬರುವವರೊಬ್ಬರು ಅದನ್ನು ತೆರೆದು ನೋಡಿ ಹೆಸರಿಡಬಲ್ಲರು.