ಟ್ರ್ಯಾಕ್ಟರಿನ ಕ್ಲಚ್: ಮನೆಯಂಗಳದಲ್ಲಿ ಬಿಚ್ಚುವ ಮುನ್ನ

ಮಳೆ ಬಂದು ಹೊಲ ಹದಕ್ಕೆ ಬಂದ ದಿನವೇ ಟ್ರ್ಯಾಕ್ಟರಿನ ಕ್ಲಚ್ ಕೈಕೊಟ್ಟರೆ ರೈತನಿಗಾಗುವ ನಷ್ಟ ಕ್ಲಚ್ ಪ್ಲೇಟಿನ ಬೆಲೆಯಷ್ಟೇ ಅಲ್ಲ. ಎರೆಭೂಮಿಯಲ್ಲಿ ಬಿತ್ತನೆಯ ಹದ ಕೆಲವೇ ದಿನ ನಿಲ್ಲುತ್ತದೆ. ಮುಂಗಾರಿ ಜೋಳದ ಬಿತ್ತನೆ ತಡವಾದಷ್ಟೂ ಸುಳಿನೊಣದ ಕಾಟ ಹೆಚ್ಚು. ಬೇಸಾಯಶಾಸ್ತ್ರದವನಾದ ನಾನು ಯಂತ್ರದ ಬಗ್ಗೆ ಬರೆಯಲು ಇದೇ ಕಾರಣ. ಆ ಅವಸರದಲ್ಲಿ ಹಲವರು ಅಂಗಳದಲ್ಲೇ ಟ್ರ್ಯಾಕ್ಟರನ್ನು ಬಿಚ್ಚಲು ತೊಡಗುತ್ತಾರೆ. ಬಿಚ್ಚಲು ಸಾಧ್ಯವಿದೆ. ಆದರೆ ಎರಡು ಟನ್ನಿನ ಭಾರವನ್ನು ಬೇರ್ಪಡಿಸುವ ಕೆಲಸವಿದು. ಪಾನಾ ಹಿಡಿಯಲು ಬಂದರೆ ಸಾಲದು.

ಕಾರಿನಲ್ಲಿ ಗೇರ್ ಬಾಕ್ಸನ್ನು ಮಾತ್ರ ಕೆಳಗಿಳಿಸಿ ಕ್ಲಚ್ ಬದಲಾಯಿಸಬಹುದು. ಟ್ರ್ಯಾಕ್ಟರಿನ ಕಟ್ಟಣೆ ಬೇರೆ. 1917ರಲ್ಲಿ ಹೆನ್ರಿ ಫೋರ್ಡ್ ಹೊರತಂದ ಫೋರ್ಡ್‌ಸನ್ ಟ್ರ್ಯಾಕ್ಟರಿನಿಂದ ವ್ಯಾಪಕವಾಗಿ ಬಳಕೆಗೆ ಬಂದ ಪದ್ಧತಿಯನ್ನೇ ನಮ್ಮ ಬಹುಪಾಲು ಟ್ರ್ಯಾಕ್ಟರುಗಳೂ ಅನುಸರಿಸುತ್ತವೆ. ಇಲ್ಲಿ ಪ್ರತ್ಯೇಕ ಚಾಸಿ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸು, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟಿನಿಂದ ಸೇರಿರುತ್ತವೆ. ಅವೇ ಟ್ರ್ಯಾಕ್ಟರಿನ ಬೆನ್ನೆಲುಬು. ಆದ್ದರಿಂದ ಕ್ಲಚ್ ನೋಡಬೇಕಾದರೆ ಆ ಬೆನ್ನೆಲುಬನ್ನು ನಡುವಿನಲ್ಲಿ ಬೇರ್ಪಡಿಸಿ ಟ್ರ್ಯಾಕ್ಟರನ್ನು ಎರಡು ಭಾಗ ಮಾಡಲೇಬೇಕು.

ದೋಷ ಕ್ಲಚ್ಚಿನದೇ?

ಬಿಚ್ಚುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದಿರುವಾಗ, ಬ್ರೇಕು ಗಟ್ಟಿಯಾಗಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಎಂಜಿನ್ ಒತ್ತಡಕ್ಕೆ ಸಿಕ್ಕಿ ನಿಂತುಹೋದರೆ ಕ್ಲಚ್ ಹಿಡಿಯುತ್ತಿದೆ ಎಂದರ್ಥ. ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಹಾಗಿದ್ದರೂ ಮೊದಲು ಪೆಡಲಿನ ಆಟವನ್ನು ಅಳೆಯಿರಿ. ಹಲವು ಮಾದರಿಗಳಲ್ಲಿ ಇದು 20ರಿಂದ 30 ಮಿ.ಮೀ. ಇರಬೇಕು, ನಿಮ್ಮ ಟ್ರ್ಯಾಕ್ಟರಿನ ಸರಿಯಾದ ಅಳತೆ ಕೈಪಿಡಿಯಲ್ಲಿದೆ. ಪ್ಲೇಟು ಸವೆದಂತೆ ಆಟ ಕಡಿಮೆಯಾಗಿ, ಕೊನೆಗೆ ಪೆಡಲ್ ಬಿಟ್ಟಿದ್ದರೂ ಬೇರಿಂಗು ಫಿಂಗರುಗಳನ್ನು ಒತ್ತುತ್ತಲೇ ಇರುತ್ತದೆ. ಅಂತಹ ಸಂದರ್ಭದಲ್ಲಿ ಲಿಂಕಿನ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿದರೆ ಸರಿಹೋಗಬಹುದಾದುದಕ್ಕೆ ಇಡೀ ಟ್ರ್ಯಾಕ್ಟರನ್ನು ಬಿಚ್ಚುವುದು ವ್ಯರ್ಥ.

ಇನ್ನೊಂದು ತೊಂದರೆ, ಪೆಡಲ್ ಪೂರ್ತಿ ಒತ್ತಿದರೂ ಗೇರು ಕರಕರ ಸದ್ದು ಮಾಡಿ ಬೀಳದಿರುವುದು. ಆಟ ಅತಿಯಾಗಿದ್ದರೆ ಹೀಗಾಗುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಟ್ರ್ಯಾಕ್ಟರಿನಲ್ಲಿ ಪ್ಲೇಟು ತುಕ್ಕಿಗೆ ಫ್ಲೈವೀಲಿಗೆ ಅಂಟಿಕೊಂಡಿರುವುದೂ ಉಂಟು. ಬಹುಕಾಲ ನಿಲ್ಲಿಸುವಾಗ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಪೆಡಲನ್ನು ಒತ್ತಿದ ಸ್ಥಿತಿಯಲ್ಲಿ ಕೊಕ್ಕೆ ಹಾಕಿಡುವುದು ಇದಕ್ಕೆ ಸುಲಭ ಉಪಾಯ. ಪೆಡಲ್ ಒತ್ತಿದಾಗ ಮಾತ್ರ ಕೇಳುವ ಕಿರಿಕಿರಿ ಸದ್ದು ಸಾಮಾನ್ಯವಾಗಿ ರಿಲೀಸ್ ಬೇರಿಂಗಿನದು. ಅದನ್ನು ಬದಲಾಯಿಸಲು ಬಿಚ್ಚುವುದು ಅನಿವಾರ್ಯ.

ವಾರಂಟಿ ಮುಗಿಯದ ಟ್ರ್ಯಾಕ್ಟರನ್ನೂ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇರುವ ಹೊಸ ಮಾದರಿಗಳನ್ನೂ ಮನೆಯಲ್ಲಿ ಮುಟ್ಟಬೇಡಿ.

ಭಾರದ ಲೆಕ್ಕ

ಕೆಲಸಕ್ಕೆ ಗಟ್ಟಿಯಾದ ಸಮನೆಲ ಬೇಕು. ಕಣದ ಮಣ್ಣಿನ ಮೇಲೆ ಜಾಕು ನಿಧಾನವಾಗಿ ಕುಸಿಯುತ್ತದೆ. ಕುಸಿಯುವುದು ಕಣ್ಣಿಗೆ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಸಿಮೆಂಟು ನೆಲ ಇಲ್ಲದಿದ್ದರೆ ಈ ಕೆಲಸವನ್ನು ವರ್ಕ್‌ಶಾಪಿಗೇ ಬಿಡಿ ಎಂಬುದು ನನ್ನ ಸಲಹೆ. ಕನಿಷ್ಠ ಮೂವರಿರಬೇಕು. ಅವರಲ್ಲೊಬ್ಬ ಕೆಲಸಕ್ಕೆ ಕೈಹಾಕದೆ ಆಸರೆಗಳನ್ನೇ ನೋಡುತ್ತಿರಬೇಕು. ಮಕ್ಕಳನ್ನು ಹತ್ತಿರ ಸೇರಿಸಬಾರದು.

ಈಗ ಹೇಳುವ ಮಾತು ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗುತ್ತಿರುತ್ತದೆ. ಬದು ಏರಿದಾಗ ಮುಂದಿನ ಚಕ್ರ ಒಂದು ಮೇಲಕ್ಕೆ, ಒಂದು ಕೆಳಕ್ಕೆ ಹೋಗಲೆಂದೇ ಈ ಏರ್ಪಾಡು. ಹಿಂಭಾಗ ಕೂಡಿರುವವರೆಗೆ ದೊಡ್ಡ ಚಕ್ರಗಳೇ ಎಂಜಿನನ್ನು ನೆಟ್ಟಗೆ ನಿಲ್ಲಿಸಿರುತ್ತವೆ. ಹಿಂಭಾಗ ಬೇರ್ಪಟ್ಟ ಕ್ಷಣದಲ್ಲಿ ಎಂಜಿನ್ ಆ ಪಿನ್ನಿನ ಮೇಲೆ ಪಕ್ಕಕ್ಕೆ ಉರುಳಬಲ್ಲದು. ಅದನ್ನು ಕೈಯಿಂದ ತಡೆಯುವ ಶಕ್ತಿ ಯಾರಿಗೂ ಇಲ್ಲ. ಆದ್ದರಿಂದ ಒಂದು ಬೋಲ್ಟನ್ನೂ ಸಡಿಲಿಸುವ ಮೊದಲು ಆಕ್ಸಲಿಗೂ ಅದರ ಮೇಲಿನ ಬೀಡಿನ ಆಧಾರಕ್ಕೂ ನಡುವೆ ಎರಡೂ ಬದಿಗೆ ಗಟ್ಟಿ ಮರದ ಬೆಣೆಗಳನ್ನು ಸುತ್ತಿಗೆಯಿಂದ ಬಿಗಿಯಾಗಿ ಹೊಡೆಯಿರಿ. ಜಾಲಿಯ ಮರ ಇದಕ್ಕೆ ಒಳ್ಳೆಯದು. ಬೆಣೆಗಳು ಜಾರದಂತೆ ತಂತಿ ಬಿಗಿಯಿರಿ.

ಮುಂದಿನ ತೂಕದ ಕಲ್ಲುಗಳಿದ್ದರೆ ಮೊದಲೇ ಕಳಚಿಡಿ. ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಿ. ಗೇರ್ ಬಾಕ್ಸಿನ ಕೆಳಗೆ ಕಬ್ಬಿಣದ ಸ್ಟ್ಯಾಂಡು, ಎಂಜಿನ್ನಿನ ಹಿಂತುದಿಯ ಕೆಳಗೆ ಚಕ್ರವುಳ್ಳ ಜಾಕು, ನಡುವೆ ಹಲಗೆ. ಇಟ್ಟಿಗೆ, ಸಿಮೆಂಟು ಬ್ಲಾಕು, ಸೈಜುಕಲ್ಲುಗಳ ಆಸರೆ ಕೂಡದು. ಅವು ಒಡೆಯುವಾಗ ಸೂಚನೆ ಕೊಟ್ಟು ಒಡೆಯುವುದಿಲ್ಲ.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಕಳಚಿ. ಬಳಿಕ ಬಾನೆಟ್ಟು, ಡೀಸೆಲ್ ನಳಿಗೆಗಳು, ವೈರುಗಳು, ಸ್ಟಿಯರಿಂಗ್ ಲಿಂಕು, ಆಕ್ಸಿಲರೇಟರ್ ಸರಳು, ಕಾಲುಹಲಗೆಗಳು. ನಳಿಗೆಗಳ ಬಾಯಿಗೆ ಶುದ್ಧ ಬಟ್ಟೆ ಕಟ್ಟಿ, ವೈರುಗಳಿಗೆ ಬಣ್ಣದ ದಾರ ಸುತ್ತಿ ಗುರುತಿಡಿ. ಈಗಂತೂ ಕೈಯಲ್ಲಿ ಮೊಬೈಲು ಇರುತ್ತದೆ, ಪ್ರತಿ ಹಂತದಲ್ಲೂ ಒಂದು ಫೋಟೋ ತೆಗೆದಿಡಿ. ಹೌಸಿಂಗಿನ ಬೋಲ್ಟುಗಳಲ್ಲಿ ಎದುರುಬದುರಾದ ಎರಡನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ತೆಗೆದ ಕಡೆ ಎರಡು ಉದ್ದನೆಯ ಸ್ಟಡ್ ಹಾಕಿಕೊಂಡರೆ ಅವೇ ದಾರಿ ತೋರಿಸುತ್ತವೆ. ಕೊನೆಯ ಎರಡನ್ನೂ ತೆಗೆದು, ಮುಂಭಾಗವನ್ನು ಅಂಗುಲ ಅಂಗುಲವಾಗಿ ನೇರ ಮುಂದಕ್ಕೆ ಸರಿಸಿ. ಸಂದಿಯೊಳಗೆ ಬೆರಳು ಹಾಕಬೇಡಿ.

ಒಳಗಿನ ಧೂಳನ್ನು ಗಾಳಿಯಿಂದ ಊದಬಾರದು. ಹಳೆಯ ಪ್ಲೇಟುಗಳ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಿ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಸರದಿಯಂತೆ ಒಂದೊಂದೇ ಸುತ್ತು ಸಡಿಲಿಸಬೇಕು. ಒಳಗೆ ಬಲವಾದ ಸ್ಪ್ರಿಂಗುಗಳಿವೆ. ಪಿ.ಟಿ.ಓ.ಗೂ ಸೇರಿದ ಎರಡು ಹಂತದ ಕ್ಲಚ್ ಆಗಿದ್ದರೆ ಅದನ್ನು ಇಡಿಯಾಗಿ ತೆಗೆದು ಪಟ್ಟಣದ ಅನುಭವಿ ಫಿಟ್ಟರನ ಬಳಿಗೆ ಒಯ್ಯಿರಿ. ಫಿಂಗರುಗಳನ್ನು ಒಂದೇ ಎತ್ತರಕ್ಕೆ ತರಲು ಅಳತೆಗೋಲು ಬೇಕಾಗುತ್ತದೆ.

ಲೈನಿಂಗ್ ರಿವೆಟ್ಟಿನ ಮಟ್ಟಕ್ಕೆ ಸವೆದಿದ್ದರೆ ಪ್ಲೇಟು ಬದಲಾಯಿಸಿ. ಎಣ್ಣೆ ತಾಗಿದ್ದರೆ ಬರೀ ಪ್ಲೇಟು ಬದಲಾಯಿಸಿ ಪ್ರಯೋಜನವಿಲ್ಲ. ಎಂಜಿನ್ನಿನ ಹಿಂದಿನ ಸೀಲೋ ಗೇರ್ ಬಾಕ್ಸಿನ ಮುಂದಿನ ಸೀಲೋ ಸೋರುತ್ತಿದೆ. ಫ್ಲೈವೀಲಿನಲ್ಲಿ ನೀಲಿ ಕಲೆ, ಕೂದಲೆಳೆಯ ಬಿರುಕು ಕಂಡರೆ ಲೇತಿನವರಿಗೆ ತೋರಿಸಿ. ರಿಲೀಸ್ ಬೇರಿಂಗು, ಫ್ಲೈವೀಲಿನ ನಡುವಿನ ಸಣ್ಣ ಬೇರಿಂಗು ಹಾಗೂ ಸೀಲುಗಳನ್ನು ಇದೇ ಸಲ ಹೊಸದಾಗಿ ಹಾಕುವುದು ಲೇಸು. ಅವುಗಳ ಬೆಲೆಗಿಂತ ಮತ್ತೊಮ್ಮೆ ಬಿಚ್ಚುವ ಶ್ರಮ ದುಬಾರಿ. ರಿಲೀಸ್ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸು ಹೋಗಿಬಿಡುತ್ತದೆ.

ಕೂಡಿಸುವುದು

ಪ್ಲೇಟಿನ ನಡುವಿನ ತೂತು ಫ್ಲೈವೀಲಿನ ಬೇರಿಂಗಿಗೆ ನೇರ ಬರಬೇಕು. ಹಳೆಯ ಗೇರ್ ಶಾಫ್ಟಿನ ತುಂಡು ಅಥವಾ ಅದೇ ಅಳತೆಗೆ ಬಡಗಿ ಕಡೆದುಕೊಟ್ಟ ಮರದ ಗೂಟ ಇದಕ್ಕೆ ಸಾಕು. ಪ್ಲೇಟಿನ ಯಾವ ಮುಖ ಫ್ಲೈವೀಲಿನ ಕಡೆ ಎಂಬುದನ್ನು ತೆಗೆಯುವಾಗಲೇ ಗುರುತಿಸಿರಬೇಕು.

ಎರಡೂ ಭಾಗ ಹತ್ತಿರ ಬಂದು ಕೊನೆಯ ಅಂಗುಲದಲ್ಲಿ ನಿಲ್ಲುವುದು ಸಾಮಾನ್ಯ. ಇಲ್ಲಿ ಬೋಲ್ಟು ಬಿಗಿದು ಎಳೆಯುವವರೇ ಹೆಚ್ಚು. ಪ್ಲೇಟಿನ ಗುಂಬ ಬಾಗುವುದು, ಬೀಡಿನ ಹೌಸಿಂಗು ಸೀಳುವುದು ಹೀಗೆಯೇ. ಸಂದಿ ಮುಚ್ಚದಿದ್ದರೆ ಶಾಫ್ಟಿನ ಹಲ್ಲುಗಳು ಹೊಂದಿಲ್ಲವೆಂದೋ ಎತ್ತರ ಸಮನಿಲ್ಲವೆಂದೋ ತಿಳಿಯಿರಿ. ಸುತ್ತಲೂ ಸಂದಿ ಸಮವಾಗಿದೆಯೇ ನೋಡಿ ಜಾಕನ್ನು ಏರಿಸಿ ಇಳಿಸಿ. ಫ್ಲೈವೀಲನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತ ತಳ್ಳಿದರೆ ಹಲ್ಲು ಹೊಂದಿ ತಾನಾಗಿ ಕೂಡುತ್ತದೆ. ಕೂಡಿದ ಮೇಲಷ್ಟೇ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಎಲ್ಲವೂ ಬಿಗಿಯಾದ ಬಳಿಕ ಬೆಣೆಗಳನ್ನು ತೆಗೆಯಿರಿ. ಮರೆತರೆ ಮುಂದಿನ ಆಕ್ಸಲ್ ತೂಗಲಾರದು.

ಹೌಸಿಂಗಿನ ತಳದಲ್ಲಿ ಹಲವು ಮಾದರಿಗಳಿಗೆ ಒಂದು ಸಣ್ಣ ತೂತಿದೆ. ಗದ್ದೆಯಲ್ಲಿ ಕೆಸರು ಮಾಡುವಾಗ ನೀರು ನುಗ್ಗದಂತೆ ಅದಕ್ಕೆ ಮುಚ್ಚಳ ಹಾಕಬೇಕು, ಗದ್ದೆಯಿಂದ ಬಂದೊಡನೆ ತೆಗೆಯಬೇಕು. ತೆಗೆದಿದ್ದರೆ ಸೋರಿದ ಎಣ್ಣೆ ಅಲ್ಲಿಂದ ಹನಿದು ಸೀಲಿನ ದೋಷ ಮೊದಲೇ ತಿಳಿಯುತ್ತದೆ.

ಈ ಕೆಲಸಕ್ಕೆ ಸುಗ್ಗಿ ಮುಗಿದು ಮಾಗಿ ಉಳುಮೆಯೂ ಆದ ಬೇಸಿಗೆಯ ದಿನಗಳೇ ಸೂಕ್ತ. ಮೇಲಿನ ಪರೀಕ್ಷೆಯನ್ನು ಪ್ರತಿವರ್ಷ ಆಗಲೇ ಮಾಡಿ. ಹೊಸ ಪ್ಲೇಟು ಹಾಕಿದ ಮೇಲೆ ಮೊದಲ ಕೆಲವು ದಿನ ಹಗುರ ಕೆಲಸ ಕೊಟ್ಟು ಪೆಡಲಿನ ಆಟವನ್ನು ಮತ್ತೊಮ್ಮೆ ಅಳೆಯಿರಿ. ಉಳುವಾಗ ಪೆಡಲಿನ ಮೇಲೆ ಕಾಲಿಟ್ಟೇ ಕೂರುವ ಡ್ರೈವರನಿಗೆ ಕಳಚಿದ ಹಳೆಯ ಪ್ಲೇಟನ್ನು ತೋರಿಸಿ.