ಎರಡು ಗಾಲಿಯ ಮೇಲೆ ಎಷ್ಟು ಹೊರೆ?

ಮೋಟಾರು ಸೈಕಲ್ಲಿನ ವಿಷಯವಾಗಿ ಬರೆಯಲು ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನಾನು ಓದುತ್ತಿರುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ಯಂತ್ರಶಾಸ್ತ್ರದ ಗಂಧ ನನಗಿಲ್ಲ. ಆದರೆ ಬೆಳಿಗ್ಗೆ ನಮ್ಮ ಕಾಲೇಜಿನ ಗೇಟಿನ ಬಳಿ ನಿಂತು ನೋಡಿದರೆ ಗಾಡಿಗೆ ಇಬ್ಬರು, ಒಮ್ಮೊಮ್ಮೆ ಮೂವರು, ಜೊತೆಗೆ ಚೀಲಗಳು. ರಜೆ ಬಂತೆಂದರೆ ಇವೇ ಗಾಡಿಗಳು ಹಿಂದುಗಡೆ ಗಂಟು ಕಟ್ಟಿಕೊಂಡು ಘಟ್ಟದ ಕಡೆಗೆ ಹೊರಡುತ್ತವೆ. ಎಷ್ಟು ಪೆಟ್ರೋಲು, ಎಷ್ಟು ಖರ್ಚು ಎಂದು ಲೆಕ್ಕ ಹಾಕುವ ನಾವು ಎಷ್ಟು ತೂಕ ಹೇರಿದ್ದೇವೆಂದು ಮಾತ್ರ ಲೆಕ್ಕ ಹಾಕುವುದಿಲ್ಲ. ನಾನೂ ಹಾಕಿರಲಿಲ್ಲ. ಅದರ ಫಲವನ್ನು ಉಂಡವರು ನನ್ನ ತಾಯಿ. ಆದುದರಿಂದ ಬರೆಯುವ ಅಧಿಕಾರ ಇಲ್ಲದಿದ್ದರೂ ಬರೆಯುವ ಋಣ ನನ್ನ ಮೇಲಿದೆ.

2024ರ ದಸರೆಯ ರಜೆಯಲ್ಲಿ ನಡೆದ ಸಂಗತಿ. ನಾನು ಪದವಿ ತರಗತಿಯ ಎರಡನೆಯ ವರ್ಷ ಮುಗಿಸಿದರೆ ಧರ್ಮಸ್ಥಳದ ಅನ್ನದಾನಕ್ಕೆ ಒಂದು ಮೂಟೆ ಅಕ್ಕಿ ಒಪ್ಪಿಸುವುದಾಗಿ ಅವ್ವ ಹರಕೆ ಹೊತ್ತಿದ್ದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ಈ ಹರಕೆಗೆ ನಮ್ಮ ಮನೆಯಲ್ಲಿ ವಿಶೇಷ ಬೆಲೆ ಇದ್ದಿತು. ಹಾಸನದ ಕಡೆಯ ನಮ್ಮೂರಿನಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರಗಳ ಮಾರ್ಗವಾಗಿ ಚಾರ್ಮಾಡಿ ಘಟ್ಟ ಇಳಿದರೆ ಉಜಿರೆ. ಅಲ್ಲಿಂದ ಧರ್ಮಸ್ಥಳ ಹತ್ತಿರ. ನೂರು ಸಿ.ಸಿ.ಯ ನಮ್ಮ ಹಳೆಯ ಗಾಡಿಯಲ್ಲಿ ಅವ್ವನನ್ನು ಹಿಂದೆ ಕೂರಿಸಿಕೊಂಡು, ಅವಳ ಬೆನ್ನ ಹಿಂದಿನ ಕ್ಯಾರಿಯರಿಗೆ 25 ಕಿಲೋ ಅಕ್ಕಿಯ ಮೂಟೆಯನ್ನು ಹಗ್ಗದಿಂದ ಬಿಗಿದು, ಬಟ್ಟೆಯ ಚೀಲವನ್ನು ಅದರ ಮೇಲೆ ಕಟ್ಟಿ ನಾನು ಸಿದ್ಧನಾದೆ.

ಅಪ್ಪ ಒಮ್ಮೆ ಗಾಡಿಯನ್ನು ಸುತ್ತಿ ನೋಡಿದರು. ಎತ್ತುಗಳನ್ನು ಮಾರುವವರೆಗೂ ಎತ್ತಿನ ಗಾಡಿ ಹೊಡೆದವರು ಅವರು.

“ಹಿಂಭಾರ ಆಯ್ತು ಕಣೋ. ಮೂಕಿ ಏಳ್ತದೆ.”

“ಇದಕ್ಕೆ ಮೂಕಿಯೂ ಇಲ್ಲ, ನೊಗವೂ ಇಲ್ಲ ಬಿಡಪ್ಪ,” ಎಂದು ನಾನು ನಕ್ಕುಬಿಟ್ಟೆ. ಓದಿದವನೆಂಬ ಜಂಬ ನನ್ನಿಂದ ಆ ಮಾತನ್ನಾಡಿಸಿತೆಂದು ಈಗ ಅನ್ನಿಸುತ್ತದೆ.

ಬೇಲೂರು ದಾಟಿದಂತೆ ಏರು ಸಿಕ್ಕಿದಲ್ಲೆಲ್ಲ ಹ್ಯಾಂಡಲು ಕೈಯಲ್ಲಿ ಹಗುರವಾಗಿ ತೊನೆಯತೊಡಗಿತು. ಘಟ್ಟದ ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕು ಒತ್ತುತ್ತ ಬಂದೆ. ಕೆಲವು ತಿರುವು ಕಳೆದ ಮೇಲೆ ಸುಟ್ಟ ವಾಸನೆ ಬಂದಿತು. ಅದರ ಮುಂದಿನ ತಿರುವಿನಲ್ಲಿ ಎಷ್ಟು ಒತ್ತಿದರೂ ಗಾಡಿ ನಿಲ್ಲಲೊಲ್ಲದು. ಎದುರಿನಿಂದ ಬಸ್ಸು ಬರುತ್ತಿದ್ದಿತು. ಗೇರನ್ನು ಇಳಿಸಿ, ಗುಡ್ಡದ ಬದಿಯ ಮಣ್ಣಿನ ಚರಂಡಿಗೆ ಗಾಡಿಯನ್ನು ತಿರುಗಿಸಿದೆ. ನಾವಿಬ್ಬರೂ ಉರುಳಿದೆವು. ನನಗೆ ಏನೂ ಆಗಲಿಲ್ಲ. ಅವ್ವನ ಮೊಣಕಾಲು, ಮೊಣಕೈ ತರಚಿ ರಕ್ತ ಬಂದಿತು. ತಲೆ ಉಳಿದದ್ದು ಹೆಲ್ಮೆಟ್ಟಿನಿಂದ. ಹಿಂದಿನಿಂದ ಬಂದ ಲಾರಿಯ ಚಾಲಕರೊಬ್ಬರು ಅವ್ವನಿಗೆ ನೀರು ಕೊಟ್ಟು, ಮೂಟೆಯನ್ನು ತಮ್ಮ ಲಾರಿಗೆ ಹಾಕಿಕೊಂಡರು. “ನಮ್ಮ ಲಾರಿಗಾದರೆ ತೂಕ ನೋಡೋರು ರಸ್ತೆಯಲ್ಲಿ ನಿಂತಿರ್ತಾರೆ. ನಿಮ್ಮ ಗಾಡಿಗೆ ಯಾರಿದ್ದಾರೆ? ನೀವೇ ನೋಡ್ಕೋಬೇಕು,” ಎಂದರು. ಆ ಮಾತೇ ಈ ಲೇಖನಕ್ಕೆ ಬೀಜ.

ಊರಿಗೆ ಹಿಂತಿರುಗಿದ ಮೇಲೆ ಗಾಡಿಯ ಜೊತೆಗೆ ಬಂದಿದ್ದ ಕೈಪಿಡಿಯನ್ನು ಪೆಟ್ಟಿಗೆಯ ತಳದಿಂದ ಹುಡುಕಿ ತೆಗೆದೆ. ಅದುವರೆಗೆ ಯಾರೂ ಅದನ್ನು ಬಿಚ್ಚಿದಂತಿರಲಿಲ್ಲ. ಅದರಲ್ಲಿ ಎರಡು ಅಂಕಿಗಳಿದ್ದವು: ಗಾಡಿಯ ತೂಕ 112 ಕಿಲೋ, ಹೊರಬಹುದಾದ ಗರಿಷ್ಠ ಹೊರೆ 130 ಕಿಲೋ. ಇವೆರಡನ್ನೂ ಕೂಡಿದರೆ 242 ಕಿಲೋ. ಇದೇ ಆ ಗಾಡಿಯ ಒಟ್ಟು ತೂಕದ ಮಿತಿ.

ಹೊರೆ ಎಂದರೆ ಸಾಮಾನು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಓಡಿಸುವವನು ಮೊದಲ ಹೊರೆ, ಹಿಂದೆ ಕೂತವರು ಎರಡನೆಯ ಹೊರೆ. ಉಳಿದದ್ದು ಸಾಮಾನಿನ ಪಾಲು. ನನ್ನ ತೂಕ 61, ಅವ್ವನದು 52. ಇಬ್ಬರ ಹೆಲ್ಮೆಟ್ಟು, ಬಟ್ಟೆಬರೆ, ಪಾದರಕ್ಷೆಗಳು 4. ಅಲ್ಲಿಗೆ 117 ಆಯಿತು. ಸಾಮಾನಿಗೆ ಉಳಿದದ್ದು ಬರಿಯ 13 ಕಿಲೋ! ನಾನು ಹೇರಿದ್ದಾದರೋ ಅಕ್ಕಿ 25, ಚೀಲ 7, ಬುತ್ತಿ ಮತ್ತು ನೀರು 4, ಒಟ್ಟು 36. ಎಂದರೆ ಮಿತಿಗಿಂತ 23 ಕಿಲೋ ಹೆಚ್ಚು. ಅಕ್ಕಿಯ ಮೂಟೆಯೊಂದನ್ನು ಬಿಟ್ಟುಹೋಗಿದ್ದರೆ ಲೆಕ್ಕ ಸರಿಯಾಗುತ್ತಿದ್ದಿತು.

ಈ ಲೆಕ್ಕದಲ್ಲಿ ಮೋಸಹೋಗುವ ಸಂದರ್ಭಗಳು ಕೆಲವಿವೆ. ಒಂದನೆಯದು ಪೆಟ್ರೋಲು. ಕೆಲವೆಡೆ ಗಾಡಿಯ ತೂಕವನ್ನು ಪೆಟ್ರೋಲು, ಎಣ್ಣೆಗಳಿಲ್ಲದೆ ಹೇಳಿರುತ್ತಾರೆ. ಒಂದು ಲೀಟರು ಪೆಟ್ರೋಲು ಸುಮಾರು ಮುಕ್ಕಾಲು ಕಿಲೋ ತೂಗುವುದರಿಂದ ಹತ್ತು ಲೀಟರಿನ ಟ್ಯಾಂಕು ಏಳೂವರೆ ಕಿಲೋವನ್ನು ಸದ್ದಿಲ್ಲದೆ ಸೇರಿಸುತ್ತದೆ. ಎರಡನೆಯದು ನಾವು ಆಮೇಲೆ ಹಾಕಿಸುವ ಅಲಂಕಾರಗಳು. ಕಬ್ಬಿಣದ ಗಾರ್ಡು, ಪಕ್ಕದ ಪೆಟ್ಟಿಗೆಗಳು, ಅವನ್ನು ಹಿಡಿಯುವ ಚೌಕಟ್ಟು, ಇವೆಲ್ಲ ಖಾಲಿ ಇದ್ದಾಗಲೂ ಹೊರೆಯ ಪಾಲನ್ನೇ ತಿನ್ನುತ್ತವೆ. ಮೂರನೆಯದು ದೊಡ್ಡ ಗಾಡಿಯೆಂಬ ಭ್ರಮೆ. ಗಾಡಿ ಎಷ್ಟು ದಪ್ಪವಿದೆ ಎಂಬುದು ಮುಖ್ಯವಲ್ಲ. ಒಟ್ಟು ಮಿತಿಯಲ್ಲಿ ಅದರ ಸ್ವಂತ ತೂಕವನ್ನು ಕಳೆದರೆ ಉಳಿಯುವುದೆಷ್ಟು ಎಂಬುದೇ ಮುಖ್ಯ. ದುಡಿದದ್ದನ್ನೆಲ್ಲ ತಾನೇ ತಿನ್ನುವ ಯಜಮಾನನಂತೆ, ಕೆಲವು ಭಾರಿ ಗಾಡಿಗಳು ಮಿತಿಯ ಬಹುಪಾಲನ್ನು ತಮ್ಮ ಮೈಗೇ ಇಟ್ಟುಕೊಂಡಿರುತ್ತವೆ.

ಇನ್ನು ಅಪ್ಪನ ಮಾತಿಗೆ ಬರೋಣ. ಎತ್ತಿನ ಗಾಡಿಯಲ್ಲಿ ಹೊರೆ ಅಚ್ಚಿನಿಂದ ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಟ್ಟು ಕೊರಳಿನ ಕಣ್ಣಿಯನ್ನು ಎಳೆಯುತ್ತದೆ. ಮೋಟಾರು ಸೈಕಲ್ಲಿನಲ್ಲಿ ಹಿಂದಿನ ಗಾಲಿಯ ಅಚ್ಚೇ ಆ ಅಚ್ಚು. ಮುಂದಿನ ಗಾಲಿಯೇ ನೊಗ. ನಮ್ಮ ಗಾಡಿಯ ಎರಡು ಅಚ್ಚುಗಳ ನಡುವಣ ಅಂತರ ಸುಮಾರು 124 ಸೆಂಟಿಮೀಟರು. ಮೂಟೆ ಹಿಂದಿನ ಅಚ್ಚಿಗಿಂತ 30 ಸೆಂಟಿಮೀಟರು ಹಿಂದೆ ಇದ್ದಿತೆನ್ನೋಣ. 25ನ್ನು 30ರಿಂದ ಗುಣಿಸಿದರೆ 750. ಅದನ್ನು 124ರಿಂದ ಭಾಗಿಸಿದರೆ 6. ಎಂದರೆ ಆ ಮೂಟೆ ಮುಂದಿನ ಗಾಲಿಯಿಂದ 6 ಕಿಲೋವನ್ನು ಎತ್ತಿ ಹಿಂದಿನ ಗಾಲಿಗೆ ಹೊರಿಸಿತು. ಹಿಂದಿನ ಗಾಲಿಯ ಪಾಲಿಗೆ 25 ಕಿಲೋದ ಮೂಟೆ 31 ಕಿಲೋ ಆಯಿತು. ದಾರಿ ತೋರಿಸಬೇಕಾದ ಮುಂದಿನ ಗಾಲಿ ಹಗುರವಾಯಿತು. ಹಿಂಬದಿ ಕುಸಿದು ಮುಂಬದಿ ಎದ್ದರೆ ರಾತ್ರಿಯಲ್ಲಿ ಇನ್ನೊಂದು ಕೇಡೂ ಇದೆ: ನಮ್ಮ ದೀಪ ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣಿಗೆ ಬೀಳುತ್ತದೆ. ಅಪ್ಪ ಈ ಗುಣಾಕಾರ ಭಾಗಾಕಾರಗಳನ್ನು ಮಾಡಿರಲಿಲ್ಲ. ಉತ್ತರ ಮಾತ್ರ ಅವರಿಗೆ ಗೊತ್ತಿದ್ದಿತು.

ಆದುದರಿಂದ ಭಾರದ ವಸ್ತುಗಳನ್ನು ಕೆಳಗೆ, ಸವಾರನಿಗೆ ಸಮೀಪವಾಗಿ, ಎರಡೂ ಪಕ್ಕಕ್ಕೆ ಸಮನಾಗಿ ಇಡತಕ್ಕದ್ದು. ನಮ್ಮ ಹಿರಿಯರು ಕುದುರೆಯ ಬೆನ್ನಿಗೆ ಹಾಕುತ್ತಿದ್ದ ಹಸುಬೆಯ ತತ್ತ್ವವೇ ಇದು. ಹಿಂದಿನ ಕ್ಯಾರಿಯರಿನ ಮೇಲೆ ಹಾಸಿಗೆ, ಬಟ್ಟೆಗಳಂಥ ಹಗುರ ವಸ್ತುಗಳಿರಲಿ. ಕೆಲವು ಕ್ಯಾರಿಯರುಗಳ ಮೇಲೆ ಐದೋ ಹತ್ತೋ ಕಿಲೋ ಎಂದು ಅದರದೇ ಮಿತಿಯನ್ನು ಮುದ್ರಿಸಿರುತ್ತಾರೆ, ಅದನ್ನು ಓದಿಕೊಳ್ಳಬೇಕು.

ಬ್ರೇಕು ಏಕೆ ಸೋತಿತು? ಭೌತಶಾಸ್ತ್ರದ ಅಧ್ಯಾಪಕರೊಬ್ಬರನ್ನು ಕೇಳಿದಾಗ ಅವರು ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಬರೆದರು. ನನ್ನ ಗಾಡಿ ಮತ್ತು ಹೊರೆಯ ಒಟ್ಟು ತೂಕ 265 ಕಿಲೋ. ಅದು 100 ಮೀಟರು ಎತ್ತರವನ್ನು ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 2,60,000 ಜೂಲುಗಳು. ಸುಮಾರು ಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಎಂಜಿನು, ಗಾಳಿ ಇವು ಸ್ವಲ್ಪ ಪಾಲನ್ನು ತೆಗೆದುಕೊಳ್ಳುತ್ತವೆ. ಉಳಿದದ್ದೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು. ನಮ್ಮದು ಡ್ರಮ್ ಬ್ರೇಕು. ಮುಚ್ಚಿದ ಡಬ್ಬಿಯೊಳಗೆ ಶಾಖ ತುಂಬಿಕೊಳ್ಳುತ್ತದೆ. ಡ್ರಮ್ಮು ಹಿಗ್ಗುತ್ತದೆ, ಉಜ್ಜುವ ಪಟ್ಟಿಗಳ ಹಿಡಿತ ಕುಗ್ಗುತ್ತದೆ. ಇದಕ್ಕೆ ಮದ್ದು ಸುಲಭ: ಹತ್ತುವಾಗ ಹಾಕುವ ಕೆಳಗಿನ ಗೇರನ್ನೇ ಇಳಿಯುವಾಗಲೂ ಹಾಕಿ ಎಂಜಿನಿನಿಂದ ತಡೆಯುವುದು, ಬ್ರೇಕನ್ನು ಬಿಟ್ಟುಬಿಟ್ಟು ಒತ್ತುವುದು, ವಾಸನೆ ಬಂದರೆ ನಿಂತು ಆರಲು ಬಿಡುವುದು. ವೇಗದ ಮಾತನ್ನೂ ಅವರು ಸೇರಿಸಿದರು. ಗಂಟೆಗೆ 40 ಕಿಲೋಮೀಟರಿದ್ದದ್ದು 60 ಆದರೆ ವೇಗ ಒಂದೂವರೆ ಪಟ್ಟು. ನಿಲ್ಲಿಸಬೇಕಾದ ಶಕ್ತಿಯಾದರೋ ಎರಡೂಕಾಲು ಪಟ್ಟು.

ಟಯರಿನ ಮೇಲೂ ಒಂದು ಬರಹವಿದೆ. ನಮ್ಮ ಹಿಂದಿನ ಟಯರಿನ ಪಕ್ಕದಲ್ಲಿ ಅಳತೆಯ ಮುಂದೆ “54ಪಿ” ಎಂದಿದೆ. 54 ಎಂದರೆ 54 ಕಿಲೋ ಅಲ್ಲ, ಅದೊಂದು ಸಂಕೇತ. ಆ ಟಯರು ಹೊರಬಲ್ಲದ್ದು 212 ಕಿಲೋ ಎಂದು ಅದರ ಅರ್ಥ. 48 ಎಂದಿದ್ದರೆ 180, 62 ಎಂದಿದ್ದರೆ 265. “ಪಿ” ಎಂಬ ಅಕ್ಷರ ಗಂಟೆಗೆ 150 ಕಿಲೋಮೀಟರಿನ ವೇಗಮಿತಿಯನ್ನು ಹೇಳುತ್ತದೆ. ಆದರೆ ಈ ಬಲವೆಲ್ಲ ಸರಿಯಾದ ಗಾಳಿ ಇದ್ದರೆ ಮಾತ್ರ. ಗಾಳಿ ಕಡಿಮೆಯಿದ್ದರೆ ಟಯರು ಉರುಳಿದಂತೆಲ್ಲ ಮಡಿದು ಮಡಿದು ಬಿಸಿಯಾಗುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವಾಗ ಹಿಂದಿನ ಟಯರಿಗೆ ಎಷ್ಟು ಗಾಳಿ ಬೇಕೆಂದು ಕೈಪಿಡಿಯಲ್ಲಿ ಬೇರೆಯಾಗಿಯೇ ಕೊಟ್ಟಿರುತ್ತಾರೆ. ಹಿಂದಿನ ಸ್ಪ್ರಿಂಗನ್ನು ಬಿಗಿಮಾಡುವ ಮೆಟ್ಟಿಲುಗಳೂ ಅನೇಕ ಗಾಡಿಗಳಲ್ಲಿವೆ. ಇವನ್ನೆಲ್ಲ ಸರಿಪಡಿಸಿಕೊಂಡರೆ ಮಿತಿಯ ಒಳಗಿನ ಹೊರೆಯನ್ನು ಚೆನ್ನಾಗಿ ಹೊರಬಹುದು. ಮಿತಿಯನ್ನೇ ಹೆಚ್ಚಿಸಲು ಸಾಧ್ಯವಿಲ್ಲ. ದಪ್ಪ ಟಯರು ಹಾಕಿಸಿದ ಮಾತ್ರಕ್ಕೆ ಬ್ರೇಕು ದೊಡ್ಡದಾಗದು, ಚೌಕಟ್ಟು ಗಟ್ಟಿಯಾಗದು. ಸರಪಣಿಯ ಬಲ ಅದರ ಅತಿ ದುರ್ಬಲ ಕೊಂಡಿಯಲ್ಲಿರುತ್ತದಷ್ಟೆ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನಗಳ ಕಾಯಿದೆಯ 128ನೆಯ ಕಲಮಿನ ಪ್ರಕಾರ ಸವಾರನ ಹೊರತು ಒಬ್ಬರೇ ಕೂರಬೇಕು; ಅವರೂ ಭದ್ರವಾಗಿ ಜೋಡಿಸಿದ ಸೀಟಿನ ಮೇಲೆ ಕೂರಬೇಕು. ಹಿಂದೆ ಕೂತವರಿಗೆ ಹಿಡಿಯಲು ಹಿಡಿ, ಕಾಲಿಡಲು ಮೆಟ್ಟು, ಸೀರೆ ಸಿಕ್ಕದಂತೆ ಗಾಲಿಗೆ ಮರೆ ಇರಬೇಕೆಂದು 1989ರ ಕೇಂದ್ರ ನಿಯಮಗಳಲ್ಲಿ 123ನೆಯದು ವಿಧಿಸುತ್ತದೆ. ಈ ನಿಯಮಗಳನ್ನು ಓದುವಾಗ ನನಗೆ ಒಂದು ವಿಷಯ ಹೊಳೆಯಿತು. ಇವೆಲ್ಲವೂ ಹಿಂದೆ ಕೂತವರ ಪರವಾಗಿ ಬರೆದವು. ಮುಂದೆ ಕೂತವನ ಕೈಯಲ್ಲಿ ಹ್ಯಾಂಡಲು ಇದೆ, ಬ್ರೇಕು ಇದೆ, ರಸ್ತೆ ಅವನ ಕಣ್ಣೆದುರಿಗಿದೆ. ಹಿಂದೆ ಕೂತವರಿಗೆ ಕಾಣುವುದು ಅವನ ಬೆನ್ನು ಮಾತ್ರ. ಅವರ ಹತ್ತಿರ ಇರುವುದು ನಂಬಿಕೆ ಮಾತ್ರ. ಅವ್ವ ಆ ದಿನ ಒಮ್ಮೆಯೂ “ನಿಧಾನ” ಎನ್ನಲಿಲ್ಲ. ಓದಿದ ಮಗ ಎಲ್ಲ ನೋಡಿಕೊಂಡಿರುತ್ತಾನೆಂದು ತಿಳಿದಿದ್ದಳು.

ಮಿತ್ರರೇ, ಪ್ರವಾಸ ಹೊರಡುವ ಮುನ್ನ ಹತ್ತು ನಿಮಿಷ ಸಾಕು. ಕೈಪಿಡಿ ತೆಗೆದು ಹೊರೆಯ ಮಿತಿಯನ್ನು ಒಂದು ಚೀಟಿಯಲ್ಲಿ ಬರೆಯಿರಿ. ಇಬ್ಬರ ತೂಕವನ್ನೂ, ಮೈಮೇಲಿನದನ್ನೂ ಕಳೆಯಿರಿ. ಉಳಿದದ್ದೆಷ್ಟೋ ಅಷ್ಟೇ ಸಾಮಾನು. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರಾಯಿತು. ಹೆಚ್ಚಾದದ್ದು ಬಸ್ಸಿನಲ್ಲಿ ಹೋಗಲಿ, ಇಲ್ಲವೇ ಮನೆಯಲ್ಲಿರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಎರಡು ಗಾಲಿಗೂ ಸಲ್ಲುತ್ತದೆ.

ಅವ್ವನ ಮೊಣಕಾಲಿನ ಗಾಯ ಮಾಯ್ದಿದೆ, ಗುರುತು ಉಳಿದಿದೆ. ಈಗ ಸಂತೆಗೆ ಹೊರಟರೂ ಅವಳು ಗಾಡಿ ಹತ್ತುವ ಮೊದಲು, “ಲೆಕ್ಕ ಆಯ್ತೇನಪ್ಪಾ?” ಎಂದು ಕೇಳುತ್ತಾಳೆ. ಅಪ್ಪ ಹಿಂದಿನ ಗಾಲಿಯನ್ನು ಒಮ್ಮೆ ನೋಡಿ ತಲೆಯಾಡಿಸಿದ ಮೇಲೆಯೇ ನಾನು ಗಾಡಿ ಎಬ್ಬಿಸುತ್ತೇನೆ.