ಹಳೆಯ ಕಾರಿಗೆ ಟೈರ್: ಸವೆತವಷ್ಟೇ ಅಲ್ಲ, ವಯಸ್ಸೂ ಮುಖ್ಯ

ಕೊಪ್ಪಳ: ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಆದರೂ ಹಿರಿಯರ ನೆನಪಿಗೆಂದು ಅದನ್ನು ಉಳಿಸಿಕೊಂಡವರಿಗೆ ಅದರ ಮೇಲಿನ ಅಭಿಮಾನ ಕುಂದಿಲ್ಲ. ವರ್ಷಗಟ್ಟಲೆ ಶೆಡ್ಡಿನಲ್ಲಿದ್ದ ಇಂಥ ಕಾರನ್ನು ರಸ್ತೆಗಿಳಿಸುವ ಮುನ್ನ ಎಂಜಿನ್‌ನಷ್ಟೇ ಜಾಗ್ರತೆಯಿಂದ ಪರೀಕ್ಷಿಸಬೇಕಾದುದು ಟೈರ್‌ಗಳನ್ನು.

ಓಡದ ಟೈರ್ ಸವೆಯುವುದಿಲ್ಲ ನಿಜ. ಆದರೆ ಅದಕ್ಕೂ ವಯಸ್ಸಾಗುತ್ತದೆ. ಕೊಪ್ಪಳ, ಗಂಗಾವತಿಯ ಬೇಸಿಗೆಯ ಕಾವಿಗೆ ರಬ್ಬರ್ ಗಡುಸಾಗಿ, ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕುಗಳು ಮೂಡುತ್ತವೆ. ಊರೊಳಗೆ ನಿಧಾನವಾಗಿ ಓಡಿದ ಇಂಥ ಟೈರ್, ಕುಷ್ಟಗಿ-ಹೊಸಪೇಟೆ ನಡುವಿನ ಚತುಷ್ಪಥ ಹೆದ್ದಾರಿಯ ವೇಗದಲ್ಲಿ ಸಿಡಿದರೆ ಪ್ರಾಣಕ್ಕೇ ಸಂಚಕಾರ.

ವಯಸ್ಸನ್ನು ತಿಳಿಯುವುದು ಕಷ್ಟವಲ್ಲ. ಟೈರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದ ತಯಾರಿಕೆ. ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನದು, ಬಳಕೆಗೆ ಸಲ್ಲದು. ಹತ್ತು ವರ್ಷ ದಾಟಿದ ಟೈರನ್ನು, ಸ್ಟೆಪ್ನಿ ಸಹಿತ, ಬದಲಿಸುವುದು ಕ್ಷೇಮ.

ಅಳತೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಅಂಬಾಸಿಡರ್‌ನ ಮೂಲ ಟೈರ್ 5.90-15, ಅಂದರೆ 5.90 ಇಂಚು ಅಗಲ, 15 ಇಂಚಿನ ಚಕ್ರ. ರೇಡಿಯಲ್‌ನಲ್ಲಿ ಇದಕ್ಕೆ ಸಮೀಪದ್ದು 165/80 ಆರ್15. ಅದರ ಬದಲು ನೋಟಕ್ಕೆ ದಪ್ಪಗೆ ಕಾಣುವ 185/65 ಆರ್15 ಹಾಕಿದರೆ ಟೈರಿನ ವ್ಯಾಸ ಸುಮಾರು 23 ಮಿ.ಮೀ. ಕುಗ್ಗುತ್ತದೆ. ಆಗ ಕಾರು ಸುಮಾರು 12 ಮಿ.ಮೀ. ತಗ್ಗುತ್ತದೆ, ಸ್ಪೀಡೋಮೀಟರ್ ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ಯಲಬುರ್ಗಾ, ಕುಷ್ಟಗಿ ಭಾಗದ ಹಳ್ಳಿಗಳ ರಸ್ತೆ ಉಬ್ಬುಗಳಲ್ಲಿ ಈ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಹಳೆಯ ಕ್ರಾಸ್-ಪ್ಲೈ ಟೈರಿನಲ್ಲಿ ನೂಲಿನ ಪದರಗಳು ಓರೆಯಾಗಿ ಹೆಣೆದಿದ್ದರೆ, ರೇಡಿಯಲ್‌ನಲ್ಲಿ ಅಡ್ಡಲಾಗಿ ಇರುತ್ತವೆ. ತಿರುವಿನಲ್ಲಿ ಎರಡರ ಹಿಡಿತವೂ ಬೇರೆ. ಆದ್ದರಿಂದ ಒಂದೇ ಆ್ಯಕ್ಸಲ್‌ಗೆ ಎರಡನ್ನೂ ಬೆರೆಸಕೂಡದು. ನಾಲ್ಕೂ ಒಂದೇ ಬಗೆಯವಾಗಿರುವುದು ಲೇಸು.

ಇನ್ನು ಚಕ್ರದ ವಿಚಾರ. ರಿಮ್ಮಿನಲ್ಲಿ ತುಕ್ಕು, ಬೋಲ್ಟ್ ರಂಧ್ರಗಳ ಸುತ್ತ ಬಿರುಕು ಇದ್ದರೆ ಬಣ್ಣ ಬಳಿದು ಮುಚ್ಚುವುದು ಅಪಾಯಕರ. ಟ್ಯೂಬ್‌ಲೆಸ್ ಟೈರನ್ನು ಹಿಡಿದಿಡುವ ಏರು ಹಳೆಯ ರಿಮ್ಮುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಅವುಗಳಿಗೆ ಟ್ಯೂಬ್ ಬೇಕೇ ಬೇಕು. ಅಲಾಯ್ ಚಕ್ರ ಹಾಕಿಸುವವರು ಬೋಲ್ಟುಗಳ ಅಂತರ, ನಡುರಂಧ್ರ, ಆಫ್‌ಸೆಟ್ ಮೂರೂ ಹೊಂದುತ್ತವೆಯೇ ಎಂದು ನೋಡಬೇಕು. ಹೊಂದದಿದ್ದರೆ ಬೇರಿಂಗ್ ಮೇಲೆ ಹೊರೆ ಬೀಳುತ್ತದೆ, ಟೈರ್ ಮಡ್‌ಗಾರ್ಡಿಗೆ ಉಜ್ಜುತ್ತದೆ.

ಹೊಸ ಟೈರ್ ಕೊಳ್ಳುವಾಗಲೂ ಮೊದಲು ಓದಬೇಕಾದದ್ದು ಬೆಲೆಯನ್ನಲ್ಲ, ತಯಾರಿಕೆಯ ಆ ನಾಲ್ಕು ಅಂಕಿಗಳನ್ನು.